ಅಟ್ಟದ ಮೇಲಿದ್ದ ಟ್ರಂಕು

(ಬೆಂಗಳೂರಿನ ಬಸವೇಶ್ವರನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು.)

"ಎರಡು ಬೆಡ್‌ರೂಮಿನ ಮನೆಯಲ್ಲಿ ನಾವು ಮೂವರು ಹುಡುಗಿಯರಿದ್ದೆವು. ಬಾಡಿಗೆ 24,000, ಅಡ್ವಾನ್ಸ್ ತಲಾ 50,000. ಕಳೆದ ಜೂನ್‌ನಲ್ಲಿ ಒಬ್ಬಳಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿ ನಾಲ್ಕೇ ದಿನಕ್ಕೆ ಹೊರಟಳು. 'ಮುಂದಿನ ತಿಂಗಳು ಬಂದು ಎಲ್ಲಾ ತಗೊಂಡು ಹೋಗ್ತೀನಿ, ಅಲ್ಲೀವರೆಗೂ ಇಟ್ಕೊಂಡಿರ್ರೇ' ಅಂದಳು, ಆಯ್ತು ಅಂದೆವು. ಎರಡು ತಿಂಗಳು ಬೇರೆಯವರು ಸಿಗದ್ದರಿಂದ ಅವಳ ಪಾಲಿನ ಬಾಡಿಗೆ 16,000 ಹಿಡಿದು 34,000 ವಾಪಸ್ ಕೊಟ್ಟೆವು, ಅದಕ್ಕೆ ಅವಳು ಒಪ್ಪಿದ್ದಳು. ಉಳಿದದ್ದು ಕಬ್ಬಿಣದ ಮಂಚ, ಹಾಸಿಗೆ, ಮಿಕ್ಸಿ, ಅಟ್ಟದ ಮೇಲೆ ಬೀಗ ಹಾಕಿದ ಟ್ರಂಕು, ಮೂವರೂ ದುಡ್ಡು ಹಾಕಿ 18,000ಕ್ಕೆ ಕೊಂಡಿದ್ದ ವಾಷಿಂಗ್ ಮೆಷಿನ್. ಮೆಸೇಜ್ ಹಾಕಿದಾಗೆಲ್ಲ 'ಬರ್ತೀನಿ ಕಣೇ' ಅನ್ನುವಳು. ಫೆಬ್ರವರಿಯಲ್ಲಿ ಓನರ್ ಅಟ್ಟ ಖಾಲಿ ಮಾಡಿ ಎಂದರು. ಮಂಚ, ಹಾಸಿಗೆ 600 ರೂಪಾಯಿಗೆ ಗುಜರಿಗೆ ಹಾಕಿದೆವು. ಟ್ರಂಕಿನ ಬೀಗ ಒಡೆದು ಬಟ್ಟೆಗಳನ್ನು ಮನೆಕೆಲಸದವರಿಗೆ ಕೊಟ್ಟೆವು. ಮಾರ್ಕ್ಸ್ ಕಾರ್ಡು, ಆಲ್ಬಂ ನಮ್ಮಲ್ಲೇ ಇವೆ. ಈಗ ಬಟ್ಟೆಗಳ ನಡುವೆ ಅಜ್ಜಿಯ ರೇಷ್ಮೆ ಸೀರೆ ಇತ್ತಂತೆ. 60,000 ಕೊಡಿ, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟ್ ಅನ್ನುತ್ತಿದ್ದಾಳೆ. ಎಂಟು ತಿಂಗಳು ಕಾದದ್ದು ನಮ್ಮ ತಪ್ಪೇ?"

ಸಂಪಾದಕರ ಉತ್ತರ:

ಕಾದದ್ದು ತಪ್ಪಲ್ಲ. ಬೀಗ ಒಡೆದದ್ದು ತಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಎರಡು ಪುಟದ ಪತ್ರದಲ್ಲಿ ಬೀಗಕ್ಕೆ ಸಿಕ್ಕಿರುವುದು ಅರ್ಧ ಸಾಲು, ಆಕೆಯ 'ಬರ್ತೀನಿ ಕಣೇ'ಗೆ ಸಿಕ್ಕಿರುವುದು ಒಂದೂವರೆ ಪುಟ.

ಬೆಂಗಳೂರಿನ ಬಾಡಿಗೆ ಮನೆಗಳ ಜಗಳವೆಂದರೆ ನಮಗೆ ನೆನಪಾಗುವುದು ಅಡ್ವಾನ್ಸ್. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದರು, ನಲ್ಲಿ ಸೋರುತ್ತಿತ್ತು ಎಂದು ಇನ್ನಷ್ಟು ಹಿಡಿದರು ಎಂಬ ಪತ್ರಗಳು ವಾರಕ್ಕೊಂದಾದರೂ ಬರುತ್ತವೆ. ಅವುಗಳಲ್ಲಿ ಬಾಡಿಗೆದಾರ ಈ ಕಡೆ, ಓನರ್ ಆ ಕಡೆ. ಕೋಪಕ್ಕೆ ಒಂದು ದಿಕ್ಕಿರುತ್ತದೆ. ನಿಮ್ಮದರಲ್ಲಿ ಎರಡೂ ಕಡೆ ಇರುವವರು ಒಂದೇ ಕುಕ್ಕರಿನ ಅನ್ನ ಉಂಡವರು. ಅದಕ್ಕೇ ಇದು ಬೇಗ ಕಹಿಯಾಗುತ್ತದೆ.

ಕಾನೂನಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ನೋಡೋಣ. 'ಇಟ್ಕೊಂಡಿರ್ರೇ', 'ಆಯ್ತು' ಎಂಬ ಎರಡು ಮಾತಿನಲ್ಲಿ ಒಂದು ಒಪ್ಪಂದ ಆಗಿಹೋಯಿತು. ಇನ್ನೊಬ್ಬರ ವಸ್ತುವನ್ನು ಮರಳಿಸುವ ಮಾತಿನ ಮೇಲೆ ಇಟ್ಟುಕೊಳ್ಳುವುದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಒಂದು ಅಧ್ಯಾಯವೇ ಇದೆ. ವಕೀಲರು ಬೇಯ್ಲ್‌ಮೆಂಟ್ ಅನ್ನುತ್ತಾರೆ. ಸಂಬಳವಿಲ್ಲದೆ ಇಟ್ಟುಕೊಂಡವರಿಗೂ ಅದು ಅನ್ವಯಿಸುತ್ತದೆ. ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ 151ನೇ ಕಲಂ. ಅದಕ್ಕಿಂತ ಹೆಚ್ಚು ಕೇಳುವುದಿಲ್ಲ, ಕಡಿಮೆಗೆ ಒಪ್ಪುವುದಿಲ್ಲ. ಬಿಟ್ಟುಹೋದದ್ದೆಲ್ಲ ಬಿಟ್ಟುಕೊಟ್ಟದ್ದಲ್ಲ. ಎಂಟು ತಿಂಗಳಾದರೂ ಆ ಮಂಚ ಆಕೆಯದೇ.

ಆದರೆ ಅದೇ ಕಾಯ್ದೆ ನಿಮ್ಮ ಪರವಾಗಿಯೂ ಒಂದು ಮಾತು ಹೇಳುತ್ತದೆ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಪುಕ್ಕಟೆ ಇಟ್ಟುಕೊಂಡವರು ಅದಕ್ಕಾಗಿ ಮಾಡಿದ ಅಗತ್ಯ ಖರ್ಚನ್ನು ವಸ್ತುವಿನ ಒಡತಿ ತುಂಬಿಕೊಡಬೇಕು (158ನೇ ಕಲಂ). ಅಂದರೆ ಮಂಚ ಬಿಚ್ಚಿಸಿ, ಟ್ರಂಕಿಗೆ ಹಗ್ಗ ಬಿಗಿದು, ಹಾಸನದ ಹತ್ತಿರದ ಆಕೆಯ ತಾಯಿಯ ಮನೆಗೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲೋ ಲಾರಿ ಪಾರ್ಸಲಿನಲ್ಲೋ ಕಳಿಸಿ, ರಸೀದಿ ಮುಂದಿಟ್ಟಿದ್ದರೆ ದುಡ್ಡು ಕೊಡಬೇಕಾದವಳು ಆಕೆ. ತಾಯಿಯ ವಿಳಾಸ ನಿಮ್ಮ ಬಳಿ ಇತ್ತು, ದಸರೆಗೆ ಹೋಗಿ ಊಟ ಮಾಡಿ ಬಂದಿದ್ದೇವೆ ಎಂದು ನೀವೇ ಬರೆದಿದ್ದೀರಿ.

ಟ್ರಂಕಿನ ವಿಷಯಕ್ಕೆ ಕಾನೂನಿಗಿಂತ ಹಳೆಯದೊಂದು ನೆನಪಾಗುತ್ತದೆ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ರಾಜಧಾನಿಯಾಗಿತ್ತು. ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರ ಗ್ರಂಥಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದದ್ದು ಆ ಕಾಲದಲ್ಲಿ. ಆ ಸ್ಮೃತಿಯಲ್ಲಿ 'ಉಪನಿಧಿ' ಎಂದೇ ಒಂದು ಪ್ರಕರಣವಿದೆ. ಒಳಗೇನಿದೆ ಎಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬರ ಕೈಗೆ ಒಪ್ಪಿಸಿದ್ದು ಉಪನಿಧಿ. ಅದನ್ನು ಇದ್ದದ್ದು ಇದ್ದ ಹಾಗೇ ಮರಳಿಸಬೇಕು. ರಾಜನಿಂದ, ದೈವದಿಂದ, ಕಳ್ಳರಿಂದ ಹೋದರೆ ಮಾತ್ರ ಇಟ್ಟುಕೊಂಡವನಿಗೆ ಹೊಣೆಯಿಲ್ಲ. 'ಅಟ್ಟ ಖಾಲಿ ಮಾಡಿ' ಎಂಬ ಓನರ್ ಮಾತು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. (ಕೆಲವು ಓನರ್‌ಗಳು ತಮ್ಮನ್ನು ಮೊದಲನೆಯದಕ್ಕೆ ಸೇರಿಸಿಕೊಂಡಿರುತ್ತಾರೆ, ಅದು ಬೇರೆ ಮಾತು.) ಒಂಬೈನೂರು ವರ್ಷದ ಹಿಂದೆಯೂ ಯಾರೋ ಯಾರದೋ ಪೆಟ್ಟಿಗೆ ಇಟ್ಟುಕೊಂಡು ಕಾದು ಸುಸ್ತಾಗಿದ್ದರು ಎನ್ನುವುದು ನನಗಂತೂ ಸಮಾಧಾನ ಕೊಡುತ್ತದೆ.

ಪೊಲೀಸ್ ಎಂದು ಹೆದರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಂಬಿಕೆ ದ್ರೋಹಕ್ಕೆ 316ನೇ ಕಲಂ, ಅಪ್ರಾಮಾಣಿಕವಾಗಿ ಸ್ವತ್ತು ಬಳಸಿಕೊಂಡದ್ದಕ್ಕೆ 314ನೇ ಕಲಂ ಇವೆ. ಎರಡಕ್ಕೂ ಅಪ್ರಾಮಾಣಿಕ ಉದ್ದೇಶ ಬೇಕು. ಐದು ಸಲ ಮೆಸೇಜ್ ಹಾಕಿ, 600 ರೂಪಾಯಿಗೆ ಮಾರಿ, ಆ 600 ರೂಪಾಯಿಯನ್ನೂ ಲೆಕ್ಕದಲ್ಲಿ ಬರೆದಿಟ್ಟವರಲ್ಲಿ ಅದನ್ನು ತೋರಿಸುವುದು ಸುಲಭವಲ್ಲ. ಮೆಸೇಜುಗಳನ್ನು ಅಳಿಸಬೇಡಿ. ಆದರೆ ಸಿವಿಲ್ ಹೊಣೆ, ಅಂದರೆ ನಷ್ಟ ತುಂಬಿಕೊಡುವ ಹೊಣೆ, ಬೇರೆ. ಅದು ಉದ್ದೇಶ ಕೇಳುವುದಿಲ್ಲ.

ನನಗೆ ಮಂಚಕ್ಕಿಂತ ಮಿಕ್ಸಿಯ ಚಿಂತೆ. 'ಮಿಕ್ಸಿ ಚೆನ್ನಾಗಿದೆ, ದಿನಾ ಉಪಯೋಗಿಸುತ್ತಿದ್ದೇವೆ' ಎಂದು ಎಷ್ಟು ನಿರ್ಮಲವಾಗಿ ಬರೆದಿದ್ದೀರಿ! ಹೇಳದೆ ಬಳಸಿ ಅದು ಕೆಟ್ಟರೆ ನಷ್ಟ ನಿಮ್ಮದು. ಇದರಲ್ಲಿ ನನಗೂ ಅನುಭವವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶ್ರೀನಗರದ ಒಂದು ವಠಾರದಲ್ಲಿ ಇಬ್ಬರು ಗೆಳೆಯರ ಜೊತೆ ಇದ್ದೆ. ಒಬ್ಬ ಊರಿಗೆ ಹೋಗುವಾಗ ಟೇಬಲ್ ಫ್ಯಾನನ್ನು ಹಳೇ ಪಂಚೆಯಲ್ಲಿ ಸುತ್ತಿ ಮಂಚದಡಿ ಇಟ್ಟು ಹೋದ. ಮಾರ್ಚಿಯಲ್ಲಿ ಪಂಚೆ ಬಿಚ್ಚಿದೆ, ಏಪ್ರಿಲ್‌ನಲ್ಲಿ ಫ್ಯಾನು ಸುಟ್ಟ ವಾಸನೆ ಬಂತು, ಮೇ ತಿಂಗಳಲ್ಲಿ ಗೆಳೆಯ ಬಂದ. ನಾನು ಅದನ್ನು ಮತ್ತೆ ಅದೇ ಪಂಚೆಯಲ್ಲಿ ಸುತ್ತಿ, ಮೊದಲಿದ್ದಂತೆಯೇ ಗಂಟು ಹಾಕಿ ಕೊಟ್ಟೆ. ಅವನು ಬಿಚ್ಚಿ ನೋಡಲಿಲ್ಲ, ಬಸ್ ಹತ್ತಿದ. ಆಮೇಲೆ ಅವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಿಕ್ಸಿಯನ್ನು ಇವತ್ತೇ ತೊಳೆದು, ಮೂರೂ ಜಾರು ಹುಡುಕಿ, ಡಬ್ಬದಲ್ಲಿಡಿ.

ಓನರ್ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ತಿಂಗಳಿಗೆ 3,500 ದಾಟಿದ ಬಾಡಿಗೆಗೆ ಬೆಂಗಳೂರಿನಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ, ನಿಮ್ಮ ಮನೆ ನಡೆಯುವುದು ನಿಮ್ಮ ಅಗ್ರಿಮೆಂಟಿನ ಮೇಲೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೆ. ಮೂವರೂ ಸಹಿ ಹಾಕಿದ್ದರೆ ಉಳಿದ ಸಾಮಾನು ಯಾರದು ಎಂಬ ತಕರಾರು ಓನರಿಗೆ ಬೇಕಿಲ್ಲ, ಮನೆ ಖಾಲಿ ಮಾಡಿ ಕೊಡುವ ಹೊಣೆಗೆ ನಿಮ್ಮಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು, ಕೊಟ್ಟವರು ಉಳಿದವರ ಪಾಲನ್ನು ಅವರಿಂದ ವಸೂಲು ಮಾಡಿಕೊಳ್ಳಬೇಕು. ಹಾಗೆಂದು ಬಾಡಿಗೆ ಬಾಕಿಗೆ ನಿಮ್ಮ ಬಟ್ಟೆಬರೆ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಬಾಕಿಗೆ ವಸ್ತು ತಡೆದಿಟ್ಟುಕೊಳ್ಳಬಹುದಾದವರೆಂದು ಕರಾರು ಕಾಯ್ದೆ ಪಟ್ಟಿ ಮಾಡಿರುವುದರಲ್ಲಿ ಬ್ಯಾಂಕಿನವರು, ವಕೀಲರು ಇದ್ದಾರೆ, ಮನೆ ಓನರ್ ಇಲ್ಲ.

ಪಿಜಿಯಲ್ಲಿರುವವರೂ ಇದನ್ನು ಓದುತ್ತಿರುತ್ತೀರಿ. ನಿಮ್ಮದು ಸಾಮಾನ್ಯವಾಗಿ ಬಾಡಿಗೆಯಲ್ಲ, ಇರಲು ಕೊಟ್ಟ ಅನುಮತಿ. ಅದನ್ನು ಹಿಂತೆಗೆದುಕೊಂಡಾಗ ಜಾಗ ಬಿಡಲು, ಸಾಮಾನು ಒಯ್ಯಲು ತಕ್ಕಷ್ಟು ಸಮಯ ಕೊಡಬೇಕೆಂದು 1882ರ ಈಸ್‌ಮೆಂಟ್ಸ್ ಕಾಯ್ದೆಯ 63ನೇ ಕಲಂ ಹೇಳುತ್ತದೆ. ಬ್ಯಾಗನ್ನು ರಾತ್ರೋರಾತ್ರಿ ಗೇಟಿನಾಚೆ ಇಡುವುದು ಅದರಲ್ಲಿ ಬರುವುದಿಲ್ಲ. ಇನ್ನು ಗ್ಯಾಸ್. ಸಿಲಿಂಡರ್, ರೆಗ್ಯುಲೇಟರ್ ಆಯಿಲ್ ಕಂಪನಿಯ ಸ್ವತ್ತು, ಹೋದವರು ಕಟ್ಟಿದ್ದು ಠೇವಣಿ ಮಾತ್ರ. ಮಾರುವ ಮಾತೇ ಇಲ್ಲ, ಏಜೆನ್ಸಿಗೆ ಒಪ್ಪಿಸಿ ರಸೀದಿ ಪಡೆಯಬೇಕಾದವರು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರು.

ಈಗ ಲೆಕ್ಕ. 60,000 ಎನ್ನುವುದು ಸಿಟ್ಟಿನ ಅಂಕಿ. ಹಳೇ ಮಂಚ, ಹಾಸಿಗೆಗೆ ಅಂಗಡಿಯ ಹೊಸ ಬೆಲೆ ಸಿಗುವುದಿಲ್ಲ. ಆದರೆ 600 ಕೂಡ ಸರಿಯಾದ ಬೆಲೆಯಲ್ಲ, ಅದು ಗುಜರಿಯವನ ತಕ್ಕಡಿಯ ಬೆಲೆ. ಅದೇ ಸ್ಥಿತಿಯ ಮಂಚ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಹೋಗುತ್ತದೆ ಎಂದು ಇಬ್ಬರೂ ಒಪ್ಪುವ ಜಾಗದಲ್ಲಿ ವಿಚಾರಿಸಿ, ಅಷ್ಟು ಕೊಡಿ. ವಾಷಿಂಗ್ ಮೆಷಿನ್ ಈಗ ಮಾರಿದರೆ ಬರುವ ದುಡ್ಡಿನಲ್ಲಿ ಮೂರನೇ ಒಂದು ಪಾಲು ಆಕೆಯದು, ಮಾರದಿದ್ದರೂ ಅಷ್ಟು ಆಕೆಯದೇ. ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಬಾಡಿಗೆ ಎಂದು ಈಗ ಹೊಸದಾಗಿ ಕತ್ತರಿಸಲು ಹೋಗಬೇಡಿ, ಅದನ್ನು ಜೂನ್‌ನಲ್ಲಿ ಹೇಳಬೇಕಿತ್ತು. ಆಕೆಯ ಹಾಸಿಗೆಯ ಮೇಲೆ ಹೊಸ ಹುಡುಗಿ ಐದು ತಿಂಗಳು ಮಲಗಿದ್ದಾಳೆ ಎನ್ನುವುದನ್ನೂ ಮರೆಯಬೇಡಿ. ಮಾತು ಮುರಿದರೆ 15100ಕ್ಕೆ ಕರೆ ಮಾಡಿ, ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಕೇಸು ಹಾಕುವ ಮೊದಲೇ ಇಂಥವನ್ನು ಲೋಕ ಅದಾಲತ್‌ನಲ್ಲಿ ಕೂತು ಬಗೆಹರಿಸಿಕೊಳ್ಳಬಹುದು. ಈ ಮೊತ್ತಕ್ಕೆ ವಕೀಲರ ಫೀಸು ಕೊಡುವುದು ನಷ್ಟ.

ಸೀರೆ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಮನೆಕೆಲಸಕ್ಕೆ ಬರುವ ಆ ಅಮ್ಮ ಇನ್ನೂ ನಿಮ್ಮ ಬೀದಿಯಲ್ಲೇ ಕೆಲಸ ಮಾಡುತ್ತಾರೆ ಎಂದಿದ್ದೀರಿ. ಅವರ ಬಳಿ ನೀವೇ ಹೋಗಿ. ಕೊಟ್ಟವರು ನೀವು, ತಪ್ಪು ಅವರದಲ್ಲ ಎನ್ನುವುದನ್ನು ಮೊದಲು ಹೇಳಿ, ಸೀರೆಯ ವಿಷಯ ಆಮೇಲೆ. ಬರಿಗೈಲಿ ಹೋಗಬೇಡಿ, ಉಡುವಂಥ ಒಂದು ಹೊಸ ಸೀರೆ ತೆಗೆದುಕೊಂಡು ಹೋಗಿ. ಉಟ್ಟಿದ್ದರೂ, ಅಂಚು ಮಾಸಿದ್ದರೂ, ಸೆರಗು ಕತ್ತರಿಸಿ ಮಗಳಿಗೆ ಲಂಗ ಹೊಲಿಸಿದ್ದರೂ ನೋಡಿಕೊಂಡು ಬನ್ನಿ. ಆಮೇಲೆ ಹೈದರಾಬಾದಿಗೆ ಫೋನ್ ಮಾಡಿ. ಮೆಸೇಜ್ ಬೇಡ. ಮಂಚದ ದುಡ್ಡಿನ ಮಾತು ಎತ್ತುವ ಮೊದಲು, ಬೀಗ ಒಡೆದವರು ನಿಮ್ಮಿಬ್ಬರಲ್ಲಿ ಯಾರು ಎನ್ನುವುದನ್ನು ಹೇಳಿ. ನನಗೆ ಬರೆದ ಪತ್ರದಲ್ಲಿ ಅದು ಇಲ್ಲ.