ಲ್ಯಾಬ್‌ನಲ್ಲಿ ಗೆದ್ದ ಬ್ಯಾಟರಿ ಕಾರಿಗೆ ಬರಲು ಯಾಕಿಷ್ಟು ತಡ?

"ಐದೇ ನಿಮಿಷದಲ್ಲಿ ಚಾರ್ಜ್ ಆಗುವ, ಎರಡು ಪಟ್ಟು ದೂರ ಓಡಿಸುವ ಬ್ಯಾಟರಿ ಕಂಡುಹಿಡಿದರು ಅಂತ ಆಗಾಗ ಓದುತ್ತೇವೆ. ಕಾರಿನಲ್ಲಿ ಮಾತ್ರ ಕಾಣುವುದಿಲ್ಲ. ಇದೆಲ್ಲ ಸುಮ್ನೆ ಬುರುಡೆನಾ?" ಅಂತ ಕೇಳಿದ್ದೀರಿ.

ಬುರುಡೆ ಅಲ್ಲ. ಸಾಮಾನ್ಯವಾಗಿ ಅಳೆದದ್ದು ನಿಜವೇ ಇರುತ್ತದೆ. ಅಳೆದದ್ದು ಯಾವುದನ್ನು ಅನ್ನುವುದು ಮಾತ್ರ ಸುದ್ದಿಯಲ್ಲಿ ಬಿಟ್ಟುಹೋಗಿರುತ್ತದೆ.

ನಾನು ಕೆಲವು ವರ್ಷ ಬ್ಯಾಟರಿ ಲ್ಯಾಬ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಅಲ್ಲಿ ನಾವು ಮಾಡುತ್ತಿದ್ದುದು ಕಾಯಿನ್ ಸೆಲ್, ಹೆಚ್ಚುಕಡಿಮೆ ನಾಣ್ಯದಷ್ಟು ಅಗಲದ್ದು. ಪರೀಕ್ಷಿಸಬೇಕಾದ ಹೊಸ ವಸ್ತುವಿನ ಪುಡಿಗೆ ಸ್ವಲ್ಪ ಇಂಗಾಲ, ಸ್ವಲ್ಪ ಅಂಟು ಸೇರಿಸಿ ಕಲಸಿ, ಲೋಹದ ಹಾಳೆಯ ಮೇಲೆ ತೆಳ್ಳಗೆ ಬಳಿದು, ಒಣಗಿಸಿ, ಪಂಚ್‌ನಲ್ಲಿ ಬಿಲ್ಲೆ ಕತ್ತರಿಸುವುದು. ಆಮೇಲೆ ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್‌ನೊಳಗೆ ದಪ್ಪ ರಬ್ಬರ್ ಕೈಗವಸಿನಲ್ಲಿ ಕೈ ತೂರಿಸಿ, ಇಕ್ಕಳದಿಂದ ಒಂದೊಂದೇ ಬಿಲ್ಲೆ ಜೋಡಿಸುವುದು. ಒಮ್ಮೆ ಎರಡು ವಾರ ನನ್ನ ಸೆಲ್‌ಗಳು ಒಂದೊಂದಾಗಿ ಸತ್ತವು. ಪುಡಿಯದೇ ತಪ್ಪು ಅಂದುಕೊಂಡಿದ್ದೆ. ನೋಡಿದರೆ ಪಂಚ್ ಮೊಂಡಾಗಿತ್ತು! ಬಿಲ್ಲೆಯ ಅಂಚಿನಲ್ಲಿ ಕಣ್ಣಿಗೆ ಕಾಣದಂಥ ಮುಳ್ಳು ಉಳಿದು, ಅದು ಎರಡು ಬದಿ ಒಂದಕ್ಕೊಂದು ತಾಗದಂತೆ ನಡುವೆ ಇಡುವ ತೆಳು ಪೊರೆಯನ್ನು (ಸೆಪರೇಟರ್) ಚುಚ್ಚುತ್ತಿತ್ತು.

ಅಂಥ ಸೆಲ್‌ನಲ್ಲಿ ನಮ್ಮ ಹೊಸ ವಸ್ತು ಇರುವುದು ಕೆಲವೇ ಮಿಲಿಗ್ರಾಂ. ಕಾರಿನ ಬ್ಯಾಟರಿ ನೂರಾರು ಕಿಲೋ. ಲೇಪ ತೆಳುವಾಗಿದ್ದರೆ ಬೇಗ ಚಾರ್ಜ್ ಆಗುವುದು ಸಹಜ, ಒಂದು ಬದಿಯಿಂದ ಇನ್ನೊಂದಕ್ಕೆ ಓಡಾಡುವ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಲಿಥಿಯಂ ಕಣಗಳು, ಜಾಸ್ತಿ ದೂರ ಹೋಗಬೇಕಿಲ್ಲವಲ್ಲ. ಕಾರಿಗೆ ಅದೇ ಲೇಪವನ್ನು ದಪ್ಪ ಮಾಡಿದರೆ ಆ ಐದು ನಿಮಿಷ ಹಾರಿಹೋಗುತ್ತದೆ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಮೋಸ ಅನ್ನಬಾರದೇನೋ, ಅನುಕೂಲ ಅನ್ನಿ. ಕಾಯಿನ್ ಸೆಲ್‌ನ ಒಂದು ಬದಿಗೆ ಲಿಥಿಯಂ ಲೋಹದ ಬಿಲ್ಲೆಯನ್ನೇ ಇಟ್ಟಿರುತ್ತೇವೆ, ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಲಿಥಿಯಂ. ಪ್ರತಿ ಸಲ ಸ್ವಲ್ಪ ಲಿಥಿಯಂ ಹಾಳಾದರೂ ಅಲ್ಲಿಂದ ತುಂಬಿಕೊಳ್ಳುತ್ತದೆ, ನಷ್ಟ ಕಾಣುವುದೇ ಇಲ್ಲ. ಕಾರಿನ ಸೆಲ್‌ನಲ್ಲಿ ಹೀಗೆ ಕೂಡಿಟ್ಟ ಲಿಥಿಯಂ ಇರುವುದಿಲ್ಲ. ಲೆಕ್ಕ ಹಾಕಿ ನೋಡಿ: ಪ್ರತಿ ಚಾರ್ಜ್‌ಗೆ 99.9 ಶೇಕಡ ಲಿಥಿಯಂ ವಾಪಸ್ ಬಂದರೂ, 1000 ಸಲದ ನಂತರ ಉಳಿಯುವುದು ಸುಮಾರು 37 ಶೇಕಡ. 80ಕ್ಕಿಂತ ಕೆಳಗೆ ಇಳಿಯಬಾರದು ಅಂದರೆ 99.98 ಬೇಕು. ಈ ಚೂರು ವ್ಯತ್ಯಾಸಕ್ಕೇ ಎಷ್ಟೋ ಜನರ ಪಿಎಚ್‌ಡಿ ಮುಗಿಯುತ್ತದೆ, ನನ್ನದೂ ಸೇರಿ.

ಸಿಲಿಕಾನ್ ಕಥೆಯೂ ಹೀಗೇ. ಈಗಿನ ಬ್ಯಾಟರಿಗಳ ಒಂದು ಬದಿಯಲ್ಲಿ ಲಿಥಿಯಂ ಹಿಡಿದಿಡುವ ಗ್ರ್ಯಾಫೈಟ್‌ಗಿಂತ ಇದು ಹತ್ತಿರ ಹತ್ತಿರ ಹತ್ತು ಪಟ್ಟು ಲಿಥಿಯಂ ಹಿಡಿಯುತ್ತದೆ, ಆದರೆ ಹಿಡಿದಾಗ ಊದಿಕೊಂಡು ಬಿರುಕು ಬಿಡುತ್ತದೆ. ಹಾಗಾಗಿ ಸದ್ಯಕ್ಕೆ ಗ್ರ್ಯಾಫೈಟ್ ಜೊತೆ ಸ್ವಲ್ಪ ಬೆರೆಸುತ್ತಾರೆ, ಅಷ್ಟೆ.

ಈ ತಡ ಹೊಸದೇನಲ್ಲ. ಎಣ್ಣೆ ಬಿಕ್ಕಟ್ಟಿನ 1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಟೈಟಾನಿಯಂ ಡೈಸಲ್ಫೈಡ್ ಮತ್ತು ಲಿಥಿಯಂ ಲೋಹದ ಬ್ಯಾಟರಿ ಮಾಡಿದರು. ಚಾರ್ಜ್ ಆಗುವಾಗ ಲಿಥಿಯಂ ಸಮವಾಗಿ ಕೂರದೆ ಕೂದಲಿನಂತೆ ಬೆಳೆದು ಆಚೆ ಬದಿ ಮುಟ್ಟುತ್ತಿತ್ತು, ಬೆಂಕಿ ಹತ್ತುತ್ತಿತ್ತು. 1980ರಲ್ಲಿ ಜಾನ್ ಗುಡ್‌ಇನಫ್ ತಂಡ ಕೋಬಾಲ್ಟ್ ಆಕ್ಸೈಡ್‌ನಿಂದ 4 ವೋಲ್ಟ್ ತೆಗೆಯಿತು. 1985ರಲ್ಲಿ ಅಕಿರಾ ಯೋಶಿನೊ ಲಿಥಿಯಂ ಲೋಹವನ್ನೇ ಬಿಟ್ಟು ಇಂಗಾಲ ಬಳಸಿದರು. 1991ರಲ್ಲಿ ಸೋನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು, ಅದೂ ಕಾರಿಗಲ್ಲ, ಕ್ಯಾಮೆರಾದಂಥ ಪುಟ್ಟ ಸಾಧನಗಳಿಗೆ. ಆಗ ಕೈಬಿಟ್ಟ ಆ ಲಿಥಿಯಂ ಲೋಹವನ್ನೇ ಈಗ ಸಾಲಿಡ್ ಸ್ಟೇಟ್ (ಒಳಗಿನ ದ್ರವದ ಬದಲು ಘನ ವಸ್ತು ಬಳಸುವ ಬ್ಯಾಟರಿ) ಹೆಸರಿನಲ್ಲಿ ಮತ್ತೆ ಪಳಗಿಸಲು ನೋಡುತ್ತಿದ್ದಾರೆ.

ಇನ್ನು ಮುಂದೆ ಇಂಥ ಸುದ್ದಿ ಓದಿದಾಗ ಸೆಲ್ ಎಷ್ಟು ದೊಡ್ಡದು, ಎಷ್ಟು ಸಲ ಚಾರ್ಜ್ ಮಾಡಿದರು, ಲಿಥಿಯಂ ಎಷ್ಟು ಹೆಚ್ಚಿಗೆ ಇಟ್ಟಿದ್ದರು ಅಂತ ಹುಡುಕಿ. ಉತ್ತರ ಸಿಗದಿದ್ದರೆ ಮುಂದಿನ ಕಾರಿಗಾಗಿ ಕಾಯಬೇಡಿ. ಹಾಗಂತ ಸಪ್ಪೆ ಸುದ್ದಿಯನ್ನು ಕಡೆಗಣಿಸಲೂಬೇಡಿ. 1997ರಲ್ಲಿ ಗುಡ್‌ಇನಫ್ ತಂಡ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬ್ಯಾಟರಿ ವಸ್ತುವಿನ ಬಗ್ಗೆ ಬರೆದಾಗ, ಕಡಿಮೆ ಪವರ್ ಸಾಕಾಗುವ ಬ್ಯಾಟರಿಗೆ ಇದು ಚೆನ್ನಾಗಿದೆ ಅಂದಿದ್ದರು. ಆಮೇಲೆ ಕಣಗಳನ್ನು ಸಣ್ಣದು ಮಾಡಿ, ಮೇಲೆ ಇಂಗಾಲ ಸವರಿದರು. ಈಗ ಅದೇ ಲಕ್ಷಾಂತರ ಕಾರುಗಳನ್ನು ಓಡಿಸುತ್ತಿದೆ.