ಅಪ್ಪನಿಗೆ ಐಎಎಸ್ ಆಸೆ ತೋರಿಸಿ ಬಿ.ಎ. ಸೇರಬೇಡಿ

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವಳು. ಸೆಕೆಂಡ್ ಪಿಯುಸಿ ಸೈನ್ಸ್ ಪಾಸಾಗಿದ್ದೇನೆ. ಬಿ.ಎ.ಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಓದುವ ಆಸೆ. ಅಪ್ಪ ಬಿಸಿಎ ಅಂತಿದ್ದರು. ‘ಎಲ್ಲೂ ಸೀಟು ಸಿಗದವರು ಬಿ.ಎ. ಸೇರ್ತಾರೆ’ ಅಂತ ಚಿಕ್ಕಪ್ಪ. ಕೊನೆಗೆ ‘ಐಎಎಸ್ ಮಾಡೋಕೆ ಬಿ.ಎ.ನೇ ಬೇಕು’ ಅಂದುಬಿಟ್ಟೆ. ಅಪ್ಪ ಒಪ್ಪಿದರು, ನೆಂಟರಿಗೆಲ್ಲ ಹೇಳಿಯೂ ಆಯಿತು. ಆದರೆ ನನಗೆ ಐಎಎಸ್ ಬೇಡ. ಈಗೇನು ಮಾಡಲಿ?

ಉತ್ತರ: ಅಡ್ಮಿಷನ್‌ಗೆ ಮುಂಚೆಯೇ ಅಪ್ಪನಿಗೆ ನಿಜ ಹೇಳಿ. ಐಎಎಸ್‌ಗೆ ಯಾವ ಡಿಗ್ರಿಯಾದರೂ ಸಾಕು. ಇದು ಇವತ್ತಲ್ಲ ನಾಳೆ ಚಿಕ್ಕಪ್ಪನಿಗೆ ಗೊತ್ತಾಗುತ್ತದೆ. ‘ಹಾಗಾದ್ರೆ ಬಿಸಿಎ ಮಾಡಿಯೇ ಬರೀಲಿ’ ಅಂದರೆ ಏನು ಹೇಳುತ್ತೀರಿ? ಯುಪಿಎಸ್‌ಸಿ ಪರೀಕ್ಷೆಗೆ ಲಕ್ಷಗಟ್ಟಲೆ ಜನ ಅರ್ಜಿ ಹಾಕುತ್ತಾರೆ. ಇರುವುದು ಸುಮಾರು ಸಾವಿರ ಹುದ್ದೆ, ಅದರಲ್ಲಿ ಐಎಎಸ್ 180ರ ಆಸುಪಾಸು. ಆ ಭಾರ ಹೊತ್ತುಕೊಂಡು ಮೂರು ವರ್ಷ ಓದುವುದು ಬೇಡ.

ಹಾಗಂತ ಅಪ್ಪನ ಭಯ ಸುಳ್ಳಲ್ಲ. ಬರೀ ಬಿ.ಎ. ಸರ್ಟಿಫಿಕೇಟ್ ಹಿಡಿದು ಹೊರಟರೆ ಕೆಲಸ ಸಿಗುವುದು ಕಷ್ಟವೇ. ಮುಂದಿನ ದಾರಿಯನ್ನೂ ಅವರ ಮುಂದಿಡಿ. ಬಿ.ಎಡ್. ಮಾಡಿದರೆ ಹೈಸ್ಕೂಲ್ ಟೀಚರ್ ಹುದ್ದೆಗೆ ಪ್ರಯತ್ನಿಸಬಹುದು. ಪಿಯು ಉಪನ್ಯಾಸಕಿ ಆಗಲು ಎಂ.ಎ. ಜೊತೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗಾದರೆ ಎಂ.ಎ. ಮಾಡಿ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಮೂರು ವರ್ಷದ ಎಲ್‌ಎಲ್‌ಬಿಯೂ ಇದೆ. ರಾಜ್ಯಶಾಸ್ತ್ರ ಓದಿದವರಿಗೆ ಸಂವಿಧಾನ ಹೊಸದಾಗಿ ಕಾಣುವುದಿಲ್ಲ.

ಆದರೆ ನನಗೆ ಇನ್ನೊಂದು ಅನುಮಾನ. ಈ ವಿಷಯಗಳ ಮೇಲೆ ಪ್ರೀತಿಯಾ, ಇಲ್ಲ ಫಿಸಿಕ್ಸ್, ಮ್ಯಾಥ್ಸ್ ಸಾಕಾಗಿದೆಯಾ? ಒಂದು ಕೆಲಸ ಮಾಡಿ ನೋಡಿ. ಕಾಗೋಡು ನಿಮ್ಮ ತಾಲ್ಲೂಕಿನದೇ, ಅಲ್ವಾ? ಗೇಣಿ ಅಳೆಯುವ ಕೊಳಗದ ತಕರಾರು ಬೆಳೆದು 1951ರಲ್ಲಿ ಅಲ್ಲಿ ಗೇಣಿದಾರರ ಸತ್ಯಾಗ್ರಹವೇ ನಡೆಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿ ಪದ್ಧತಿಯನ್ನೇ ತೆಗೆದುಹಾಕಿದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸು ಕಾಲದಲ್ಲಿ. ಯಾಕೆ ಅಷ್ಟು ತಡವಾಯಿತು? ಊರಿನ ಹಿರಿಯರನ್ನು ಕೇಳಿ. ಉಳುವ ಜಮೀನು ತಮ್ಮದಾಗಲಿ ಅಂತ ಯಾರು ಡಿಕ್ಲರೇಷನ್ (ಅರ್ಜಿ) ಹಾಕಿದರು, ಯಾರ ಜಮೀನು ಹೋಯಿತು, ಯಾರು ಹೆದರಿ ಸುಮ್ಮನಿದ್ದರು? ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಯಾರ ಮಾತು ನಿಜ ಅಂತ ಹಳೇ ಪಹಣಿ, ಕಾಗದಪತ್ರ ಹುಡುಕುವ ಮನಸ್ಸಾದರೆ ಬಿ.ಎ.ಗೆ ಧೈರ್ಯವಾಗಿ ಸೇರಿ. ಇತಿಹಾಸ, ರಾಜ್ಯಶಾಸ್ತ್ರ ಎರಡೂ ಆ ಹುಡುಕಾಟದಲ್ಲೇ ಇವೆ. ಬೇಜಾರಾದರೆ ಬಿಸಿಎ ಬಗ್ಗೆ ಇನ್ನೊಮ್ಮೆ ಯೋಚಿಸಿ, ನಾಚಿಕೆ ಏನಿಲ್ಲ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಈ ಎರಡು ವಿಷಯಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ, ಲೈಬ್ರರಿಯಿಂದ ಪುಸ್ತಕ ಮನೆಗೆ ಕೊಡ್ತಾರಾ ಅಂತ ಸೀನಿಯರ್‌ಗಳ ಹತ್ತಿರ ವಿಚಾರಿಸಿ. ಕನ್ನಡ ಮಾಧ್ಯಮದಲ್ಲೇ ಓದಿ, ತೊಂದರೆಯಿಲ್ಲ. ಆದರೆ ನೆಟ್ ಪರೀಕ್ಷೆಯಲ್ಲಿ ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಮೊದಲ ಸೆಮಿಸ್ಟರ್‌ನಿಂದಲೇ ದಿನಕ್ಕೆ ನಾಲ್ಕು ಪುಟವಾದರೂ ಇಂಗ್ಲಿಷ್ ಇತಿಹಾಸ ಪುಸ್ತಕ ಓದುವ ಅಭ್ಯಾಸ ಇಟ್ಟುಕೊಳ್ಳಿ.