ತೆನೆ ತರಿಸುವುದೋ, ಬೆಳೆಯುವುದೋ?

ಹೊಸನಗರ ತಾಲ್ಲೂಕಿನ ಚರ್ಚೊಂದರ ಗುರುಗಳು ಪತ್ರ ಬರೆದಿದ್ದಾರೆ. ಅರವತ್ತು ಮನೆಗಳ ಧರ್ಮಕೇಂದ್ರ. ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದಂದು ಹೊಸ ತೆನೆ ಆಶೀರ್ವದಿಸುವ ತೆನೆ ಹಬ್ಬಕ್ಕೆ ಭತ್ತದ ತೆನೆ ಘಟ್ಟದ ಕೆಳಗಿನಿಂದ ಜೀಪಿನಲ್ಲಿ ಬರುತ್ತದೆ. ಹೋದ ವರ್ಷ ಗೋಣಿಯೊಳಗೇ ಬೆಂದು ಹಳದಿಯಾಗಿತ್ತಂತೆ. ಈ ಸಲ ಕಟ್ಟುಕಟ್ಟಿ ಪ್ಯಾಕೆಟ್ ಮಾಡಿದ್ದನ್ನೇ ತರಿಸೋಣ ಎಂಬುದು ಪಾಲನಾ ಮಂಡಳಿಯ ಸಲಹೆ. ‘ಕೊಂಡ ತೆನೆಯಿಂದ ವಿಶ್ವಾಸಕ್ಕೆ ಊನವೇ? ಪೂಜೆ ಮುಗಿದ ಐದು ನಿಮಿಷಕ್ಕೆ ಅಂಗಳ ಖಾಲಿ. ನನ್ನ ಪ್ರಬೋಧನೆಯಲ್ಲೇ ಕೊರತೆಯಿರಬೇಕು’ ಎಂದಿದ್ದಾರೆ.

ವಂದನೀಯ ಗುರುಗಳೇ,

ಊನವೇನೂ ಇಲ್ಲ. ತೆನೆ ಯಾವ ಗದ್ದೆಯದೆಂದು ಆಶೀರ್ವಾದ ಕೇಳುವುದಿಲ್ಲ, ಮಂಡಳಿಯವರಿಗೂ ನೂರೆಂಟು ಕೆಲಸ. ಆದರೆ ನಿಮ್ಮ ಕೊನೆಯ ಮಾತನ್ನು ಮಾತ್ರ ಒಪ್ಪಲಾರೆ. ಅಂಗಳ ಖಾಲಿಯಾಗುವುದು ಪ್ರಬೋಧನೆ ಸಪ್ಪೆಯಾಗಿ ಅಲ್ಲ, ಅಲ್ಲಿ ಯಾರ ಕೈಗೂ ಕೆಲಸವಿಲ್ಲದೆ.

ತೆನೆ ಹಬ್ಬ ಕರಾವಳಿಯಿಂದ ಘಟ್ಟ ಹತ್ತಿ ಬಂದದ್ದು. ಮಂಗಳೂರು ಬಳಿಯ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದಲೇ ಅದಕ್ಕೆ ಮೊಂತಿ ಹಬ್ಬ ಎಂಬ ಹೆಸರು. ಅಲ್ಲಿ ಮಳೆಗಾಲದ ಮೊದಲ ಬೆಳೆ ಸೆಪ್ಟೆಂಬರಿಗೆ ತೆನೆ ಬಿಟ್ಟಿರುತ್ತದೆ. ನಮ್ಮಲ್ಲಿ ಗದ್ದೆ ಬಸುರಿಯಾಗುವುದೇ, ಅಂದರೆ ಪೈರಿನೊಳಗೆ ತೆನೆ ಮೂಡಿ ಹೊಡೆ ಕಟ್ಟುವುದೇ, ಆಶ್ವೀಜದ ಭೂಮಿ ಹುಣ್ಣಿಮೆಯ ಹೊತ್ತಿಗೆ. ದೀವರ ಸಮುದಾಯದ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಚಿತ್ತಾರ ಬರೆದು ಬಯಕೆಯೂಟ ಕೊಂಡೊಯ್ಯುವುದು ಆಗಲೇ. ಬಸುರಿಗೆ ತಿಂಗಳು ಮೊದಲೇ ನಿಮ್ಮ ಹಬ್ಬ ಕೂಸು ಕೇಳುತ್ತದೆ! ಊರ ತಳಿಯನ್ನು ಬೇಗ ಬಿತ್ತಿ ಪ್ರಯೋಜನವಿಲ್ಲ. ಹಗಲು ಗಿಡ್ಡವಾಗುವ ತನಕ ಹಳೆಯ ತಳಿಗಳು ಹೊಡೆ ಕಟ್ಟುವುದಿಲ್ಲ.

ಹಗಲಿನ ಹಂಗಿಲ್ಲದ ತಳಿ ಬೇಕು. ‘ಜ್ಯೋತಿ’ ಆದೀತು, 110ರಿಂದ 125 ದಿನದ ಕೆಂಪಕ್ಕಿ ಭತ್ತ. ಲೆಕ್ಕ ನೋಡಿ. ಮನೆಗೆ ಐದು ತೆನೆಯಂತೆ 300 ತೆನೆ. ಬುಡಕ್ಕೆ ಎಂಟು ತೆನೆಯೆಂದರೂ ನಲವತ್ತು ಬುಡ ಸಾಕು. ಮಳೆ, ಹುಳು, ಹಕ್ಕಿಯ ಪಾಲು ಬಿಟ್ಟು ನೂರೈವತ್ತು ಬುಡ ನೆಡಿ. ಸಾಲಿಗೆ 20, ಬುಡಕ್ಕೆ 15 ಸೆಂಟಿಮೀಟರ್ ಅಂತರವಿಟ್ಟರೆ ಐದಡಿ ಅಗಲ, ಹತ್ತಡಿ ಉದ್ದದ ಮಡಿ. ಒಂದು ಹಿಡಿ ಬೀಜ. ಅರವತ್ತು ಮನೆಯ ಹಬ್ಬಕ್ಕೆ ಬೇಕಾದ ಗದ್ದೆ ಇಷ್ಟೇ, ಗುರುಗಳೇ!

ಬೀಜವನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ. ರೋಹಿಣಿ ಮಳೆ ಹುಟ್ಟುವ ಮೇ 25ರ ಆಸುಪಾಸಿಗೆ ಸಸಿಮಡಿಗೆ ಚೆಲ್ಲಿ. ಮಳೆ ತಡವಾದರೆ ಬಾವಿ ನೀರು ಕೊಡಿ. ಇಪ್ಪತ್ತೆರಡು–ಇಪ್ಪತ್ತೈದು ದಿನಕ್ಕೆ ಬುಡಕ್ಕೆ ಎರಡು ಮೂರು ಸಸಿಯಂತೆ ನಾಟಿ. ಜಾಗ ಬಿಸಿಲಿಗೆ ತೆರೆದಿರಲಿ, ತೋಟದ ನೆರಳಿನಲ್ಲಿ ಆಗದು. ಒಂದೆರಡು ಬುಟ್ಟಿ ಗೊಬ್ಬರ ಸಾಕು. ಹಸಿರು ಕಾಣಲೆಂದು ಯೂರಿಯಾ ಸುರಿದರೆ ನಮ್ಮ ಮೋಡದ ಹವೆಗೆ ಬೆಂಕಿ ರೋಗ ಹತ್ತುತ್ತದೆ.

ಕೆಡುವುದು ಹೆಚ್ಚಾಗಿ ಹೂವಿನಲ್ಲಿ. ಆಗಸ್ಟ್ ಕೊನೆಗೆ ತೆನೆ ಹೊರಡುತ್ತದೆ. ಭತ್ತದ ಹೂ ಬಿಚ್ಚುವುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ. ಅದೇ ಹೊತ್ತಿಗೆ ಜಡಿಮಳೆ ಬಡಿದರೆ ಪರಾಗ ತೊಳೆದುಹೋಗಿ ತೆನೆಯೆಲ್ಲ ಜೊಳ್ಳು. ಆ ಹತ್ತು ದಿನ ನಾಲ್ಕು ಗಳ ನೆಟ್ಟು, ಸುತ್ತ ಗಾಳಿಯಾಡಲು ಬಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯಿರಿ. ಹಬ್ಬದ ದಿನ ಮನೆಯ ಹಿರಿಯರು ಉಗುರಿನಿಂದ ಹೊಟ್ಟು ಬಿಡಿಸಿ ಕಾಳನ್ನು ಹಾಲಿಗೆ ಹಾಕುವಾಗ ಒಳಗೆ ಏನಾದರೂ ಇರಬೇಕಲ್ಲ!

ಈ ಕೆಲಸ ಚರ್ಚಿನ ಕೆಲಸಗಾರನ ತಲೆಗೆ ಕಟ್ಟಬೇಡಿ. ಪ್ರತಿ ಭಾನುವಾರ ಒಂದು ವಾಳೆ, ಅಂದರೆ ಅಕ್ಕಪಕ್ಕದ ಮನೆಗಳ ಒಂದು ಗುಂಪು, ಅದರ ಮುಖಂಡರಾದ ಗುರಿಕಾರರು ಮುಂದೆ ನಿಂತು, ಪೂಜೆಯಾದ ಮೇಲೆ ಅರ್ಧ ಗಂಟೆ. ಕಳೆ ಕೀಳುವ ಅಜ್ಜಿಯ ಪಕ್ಕದಲ್ಲಿ ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಕೂತರೆ, ಮನೆ ಭೇಟಿಯಲ್ಲಿ ನಿಮಗೆ ಸಿಗದ ಸುದ್ದಿಯೆಲ್ಲ ಅಲ್ಲೇ ಸಿಗುತ್ತದೆ. ಯಾರ ಮನೆಗೆ ಬೀಗ ಬಿತ್ತು, ಯಾರು ಹಾಸಿಗೆ ಹಿಡಿದರು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟರು ಎಂಬುದೆಲ್ಲ.

ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅಲ್ಲಿ ಮೊದಲ ಫಲದ ಪುಟ್ಟಿಯನ್ನು ಯಾಜಕ ತೆಗೆದುಕೊಳ್ಳುತ್ತಾನೆ, ಮಾತಾಡುವವನು ಮಾತ್ರ ಅದನ್ನು ತಂದ ರೈತ. ತನ್ನ ಪೂರ್ವಜರ ಅಲೆದಾಟವನ್ನು ಅವನೇ ಹೇಳಿಕೊಳ್ಳುತ್ತಾನೆ. ಆ ಸಂತೋಷದಲ್ಲಿ ಪರದೇಶಿಗೂ ಪಾಲು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಗೆ ಪೂಜೆಯ ಬಾಗಿಲು ತೆರೆಯಿತು. ನಾಲಿಗೆಗೆ ಸಿಕ್ಕಿದ್ದನ್ನು ನಾವು ಕೈಯಿಂದ ಕಳೆದುಕೊಳ್ಳುತ್ತಿದ್ದೇವೆ. ಹಾಡು ಪೆನ್‌ಡ್ರೈವಿನದು, ಊಟ ಗುತ್ತಿಗೆಯದು, ಅಲಂಕಾರದ ಹೂವು ಪ್ಲಾಸ್ಟಿಕ್ಕಿನದು. ಇದು ಚರ್ಚಿನ ಪಾಡು ಮಾತ್ರವಲ್ಲ. ಗದ್ದೆಗೆ ಮಣ್ಣು ತುಂಬಿ ಅಡಿಕೆ ಇಡುತ್ತಿರುವ ಮಲೆನಾಡಿನಲ್ಲಿ ಭೂಮಣ್ಣಿ ಬುಟ್ಟಿ ಹೊತ್ತವರೂ ಇನ್ನು ಯಾವ ಬಸುರಿಯನ್ನು ಹುಡುಕಿಕೊಂಡು ಹೋಗಬೇಕು?

ಹಕ್ಕಿಬಲೆಯನ್ನು ಆಗಸ್ಟಿನಲ್ಲೇ ತಂದಿಡಿ. ಸುತ್ತಲ ಹಳ್ಳಿಗಳಲ್ಲಿ ಆಗ ತೆನೆಯಿರುವುದು ನಿಮ್ಮ ಅಂಗಳದಲ್ಲಿ ಮಾತ್ರ. ಗಿಣಿ, ರಾಟವಾಳಗಳೆಲ್ಲ ಅಲ್ಲಿಗೇ ಬರುತ್ತವೆ.